ತಿದ್ದುವ ಕೈ

ಮಗನ ಹಟಕ್ಕೆ ಮಣಿದು ರೇಡಿಯೋ ನಿಯಂತ್ರಿತ ಮಾದರಿ ವಿಮಾನವೊಂದನ್ನು ಕೊಂಡೆವು. ಬಲ್ಲವರನ್ನು ಕೇಳದೆ ನಾವೇ ಜೋಡಿಸಿ ಅವನ ಕೈಗಿತ್ತೆವು. ಮೇಲೇರಿದ ಕ್ಷಣದಲ್ಲೇ ಅದು ನೆಲಕ್ಕಪ್ಪಳಿಸಿ ರೆಕ್ಕೆ ಮುರಿಯಿತು. ಮಗನನ್ನು ಗದರಿದೆವು.

ಬಳಿಕ ಬೆಂಗಳೂರಿನ ಹವ್ಯಾಸಿಗಳ ಸಂಘವೊಂದನ್ನು ಅರಸಿ ಹೋದೆವು. ರೆಕ್ಕೆಯನ್ನು ಅಂಟಿಸಿಕೊಟ್ಟ ಹಿರಿಯರೊಬ್ಬರು ವಿಮಾನವನ್ನು ಎರಡು ಬೆರಳುಗಳ ಮೇಲೆ ತೂಗಿ ನೋಡಿದರು. ಬ್ಯಾಟರಿಯನ್ನು ನಾವು ತೀರ ಹಿಂದಕ್ಕಿಟ್ಟಿದ್ದರಿಂದ ಬಾಲ ಭಾರವಾಗಿತ್ತು! ತಪ್ಪು ಮಗನದಾಗಿರಲಿಲ್ಲ.

ಅವರು ತಮ್ಮ ನಿಯಂತ್ರಕಕ್ಕೆ ಮಗನದನ್ನು ತಂತಿಯಿಂದ ಜೋಡಿಸಿದರು. ವಿಮಾನವು ನಮ್ಮತ್ತ ಬರುವಾಗ ಎಡಬಲಗಳು ಅದಲುಬದಲಾಗಿ ಕಾಣುತ್ತವೆ. ಅಲ್ಲಿಯೇ ಮಗ ಎಡವಿದನು. ಹಿರಿಯರು ಒಡನೆ ತಾವು ಸಾವರಿಸಿ, ಒಂದು ಕಟುನುಡಿಯನ್ನೂ ಆಡದೆ ಮತ್ತೆ ಅವನಿಗೇ ಒಪ್ಪಿಸಿದರು.

ಆ ಸಂಜೆ ಮಗನ ಕ್ಷಮೆ ಕೇಳಿದೆವು. ಮಕ್ಕಳನ್ನು ತಿದ್ದುವ ಬಗೆಯನ್ನು ನಾವೂ ಆ ಮೈದಾನದಲ್ಲಿಯೇ ಕಲಿತೆವು.