ಮಡ್ಗಾರ್ಡಿಗೂ ಒಂದು ಕಾವಲು

ಎರಡು ಗಾಲಿಯ ಗಾಡಿಯಲ್ಲಿ ಹಿಂದಿನ ಗಾಲಿ ಮುಂದಿನದರ ನೆರಳಿನಲ್ಲೇ ಓಡುತ್ತದೆ. ಮುಂದಿನ ಟಯರು ಎತ್ತಿ ಎಸೆದ ಕಲ್ಲುಪುಡಿ ಗಾಡಿಯ ಹೊಟ್ಟೆಗೆ ಬಡಿದು ಕೆಳಗೆ ಬೀಳುತ್ತದೆ; ಬದಿಗೆ ಹಾರಿದ್ದು ರಸ್ತೆಯ ಪಾಲು. ಅದೇ ಗಾಡಿಯ ಹಿಂಬದಿಗೆ ಎಡಕ್ಕೊಂದು, ಬಲಕ್ಕೊಂದು ಗಾಲಿ ಕೂಡಿಸಿದರೆ ಲೆಕ್ಕ ಬದಲಾಗುತ್ತದೆ. ಬದಿಗೆ ಹಾರಿದ ಕಲ್ಲಿಗೆ ಈಗ ಒಂದು ಗುರಿ ಸಿಕ್ಕಿತು. ಆ ಗಾಲಿಗಳ ಮೇಲೆ ಕಮಾನಿನಂತೆ ಬಾಗಿ ಕೂತಿರುವ ಮಡ್ಗಾರ್ಡಿನ ಮುಂದಂಚು ಪ್ರತಿ ಕಿಲೋಮೀಟರಿಗೂ ಏಟು ತಿನ್ನುತ್ತದೆ. ಬಣ್ಣ ಮೊದಲು ಹೋಗುವುದು ಅಲ್ಲಿಯೇ.

ಅಮೆರಿಕದ ದೊಡ್ಡ ಟ್ರೈಕ್‌ಗಳಿಗೂ ಇದೇ ಕಾಟ. ಹಾರ್ಲೆ-ಡೇವಿಡ್‌ಸನ್ ಕಂಪನಿ 1932ರಿಂದ 1973ರವರೆಗೆ ಸರ್ವಿ-ಕಾರ್ ಎಂಬ ಮೂರು ಗಾಲಿಯ ಗಾಡಿ ಮಾಡುತ್ತಿತ್ತು. ಪೊಲೀಸರೂ ಗ್ಯಾರೇಜಿನವರೂ ಅದನ್ನು ಓಡಿಸಿದರು. 2009ರ ಮಾದರಿಯಾಗಿ ಬಂದ ಟ್ರೈ ಗ್ಲೈಡ್ ಹೊಳೆಯುವ ಅಗಲ ಮಡ್ಗಾರ್ಡುಗಳ ಪ್ರವಾಸಿ ಗಾಡಿ. ಅಂಥ ಗಾಡಿಯ ಒಡೆಯರು ಮಡ್ಗಾರ್ಡಿನ ಮುಂದಂಚಿಗೆ ಪಾರದರ್ಶಕ ಹಾಳೆ ಅಂಟಿಸುತ್ತಾರೆ, ಸ್ಟೀಲಿನ ತಗಡು ಕೂರಿಸುತ್ತಾರೆ, ರೆಕ್ಸಿನ್ನಿನ ಕವಚ ತೊಡಿಸುತ್ತಾರೆ. ನಮ್ಮ ದೇಶದಲ್ಲಿ ಈ ಬಗೆಯ ಗಾಡಿ ಹೆಚ್ಚಾಗಿ ಕಾಣುವುದು ಬೇರೆ ರೂಪದಲ್ಲಿ. ಸಾಮಾನ್ಯ ಗೇರಿಲ್ಲದ ಸ್ಕೂಟರು, ಅದರ ಹಿಂಬದಿಗೆ ಕಬ್ಬಿಣದ ತೋಳು, ತೋಳಿನ ತುದಿಗಳಲ್ಲಿ ಎರಡು ಗಾಲಿ. ಎಣಿಸಿದರೆ ಬಹಳಷ್ಟು ಗಾಡಿಗಳಿಗೆ ನಾಲ್ಕು ಗಾಲಿ ಇರುತ್ತವೆ. ಆದರೂ ಕರ್ನಾಟಕದ ಸುದ್ದಿಪತ್ರಿಕೆಗಳಲ್ಲಿ ಅದು ತ್ರಿಚಕ್ರ ವಾಹನ. ಗ್ಯಾರೇಜಿನಲ್ಲಿ ಸೈಡ್‌ವೀಲ್ ಗಾಡಿ.

ಪುಣೆಯ ಕೋಥ್ರೂಡಿನಲ್ಲಿ ಇಂಥದೊಂದು ಗಾಡಿ ಇದೆ. ಒಡೆಯರು ಬಾಗಲಕೋಟೆ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಎರಡನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿತು. ಭಾರತದಲ್ಲಿ ಕೊನೆಯ ಕಾಡು ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚಿನಲ್ಲಿ ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತು, ಅದು ಮುಟ್ಟಿ ಹೋದವರು ಕ್ಯಾಲಿಪರ್ ತೊಟ್ಟು, ಊರುಗೋಲು ಹಿಡಿದು, ಇಂಥ ಗಾಡಿಗಳ ಮೇಲೆ ಊರೂರುಗಳಲ್ಲಿ ಓಡಾಡುತ್ತಲೇ ಇದ್ದಾರೆ. ಇವರು ಅವರಲ್ಲಿ ಒಬ್ಬರು.

ಪುಣೆಯ ನೆಲ ಕಪ್ಪು ಬಸಾಲ್ಟ್ ಕಲ್ಲಿನದು. ಮಳೆಗಾಲದಲ್ಲಿ ರಸ್ತೆಗೆ ಗುಂಡಿ ಬಿದ್ದಾಗ ಅದಕ್ಕೆ ತುಂಬುವುದು ಅದೇ ಕಲ್ಲಿನ ಖಡಿ. ನಾಲ್ಕು ದಿನಕ್ಕೆ ಖಡಿ ಎದ್ದು ರಸ್ತೆಯ ಮೇಲೆ ಹರಡುತ್ತದೆ. ಒಡೆದ ಬಸಾಲ್ಟಿನ ಅಂಚು ಹರಿತ. ಗಾಡಿಯ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು ನೂರು ಮೈಕ್ರಾನ್, ಅಂದರೆ ಝೆರಾಕ್ಸ್ ಯಂತ್ರದ ಒಂದು ಹಾಳೆಯಷ್ಟು. ಆ ಹಾಳೆಯಷ್ಟು ದಪ್ಪದೊಳಗೇ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪಿನ ಪಾರದರ್ಶಕ ಪದರ ಎಲ್ಲವೂ ಇರಬೇಕು.

ಕಾರ್ಖಾನೆಯಲ್ಲಿ ಸ್ಕೂಟರಿನ ಲೋಹದ ಭಾಗಗಳನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದಿಗೂ ಪದರ ಕೂರುವಂತೆ ಮಾಡುತ್ತಾರೆ. ಸೈಡ್‌ವೀಲಿನ ಮಡ್ಗಾರ್ಡು ಹುಟ್ಟುವುದು ಬೇರೆ ಕಡೆ. ಸಣ್ಣ ಶೆಡ್ಡಿನಲ್ಲಿ ತಗಡು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ಮೇಲೆ ಸ್ಪ್ರೇ ಹೊಡೆಯುತ್ತಾರೆ. ಹೊರಮೈಗೆ ಮೂರು ಕೋಟು ಬಿದ್ದರೆ ಒಳಮೈಗೆ ಒಂದು ಬಿದ್ದರೆ ಪುಣ್ಯ. ಹರಿತವಾದ ಅಂಚಿನಲ್ಲಿ ಹಸಿ ಬಣ್ಣ ನಿಲ್ಲದೆ ಹಿಂದೆ ಸರಿಯುತ್ತದೆ, ಹಾಗಾಗಿ ಹೆಚ್ಚು ಏಟು ಬೀಳುವ ಅಂಚಿನಲ್ಲೇ ಬಣ್ಣ ತೆಳು. ಫೈಬರಿನ ಮಡ್ಗಾರ್ಡಾದರೆ ತುಕ್ಕಿನ ಭಯವಿಲ್ಲ, ಆದರೆ ಕಲ್ಲು ಬಿದ್ದ ಕಡೆ ಜೇಡರ ಬಲೆಯಂತೆ ಬಿರುಕು ಹರಡುತ್ತದೆ.

ಈ ಗಾಡಿಯದು ತಗಡು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಂಚಿನಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆಗಳೆದ್ದವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಚುಕ್ಕೆಯಷ್ಟು ಗಾಯದಿಂದ ಒಳಹೊಕ್ಕು, ಸುತ್ತಲಿನ ಒಳ್ಳೆಯ ಬಣ್ಣವನ್ನು ಕೆಳಗಿನಿಂದ ಎತ್ತಿ ಹಪ್ಪಳದಂತೆ ಉಬ್ಬಿಸುತ್ತದೆ.

ಊರಿನಿಂದ ಬಂದಿದ್ದ ಅಕ್ಕನ ಮಗ ಇದನ್ನೆಲ್ಲ ನೋಡಿ ಕೇಳಿದ: “ಮಾಮಾ, ಗಾಡಿ ಹಳೇದಾತು. ಮಡ್ಗಾರ್ಡಿನ ಬಣ್ಣಕ್ಕ ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ?”

“ನಿನ್ನ ಗಾಡಿ ಕೆಟ್ರ ನೀ ನಡ್ಕೊಂತ ಹೋಗ್ತಿ. ನನ್ನ ಗಾಡಿ ಕೆಟ್ರ ನಾ ಎಲ್ಲಿಗಿ ಹೋಗ್ಲೊ?”

ಹುಡುಗ ಮತ್ತೆ ಕೇಳಲಿಲ್ಲ. ಅವನಿಗೆ ಆ ದಿನ ತಿಳಿಯದೆ ಇದ್ದದ್ದು ಏನೆಂದರೆ, ಬಣ್ಣಕ್ಕೂ ಗಾಡಿ ಕೆಡುವುದಕ್ಕೂ ನೇರ ಸಂಬಂಧವಿದೆ. ಮಡ್ಗಾರ್ಡಿನ ಆಸರೆಪಟ್ಟಿ ವೆಲ್ಡ್ ಆಗಿರುವುದು ಗಾಲಿ ಹೊರುವ ತೋಳಿಗೇ. ಎರಡು ಗಾಲಿಯ ಗಾಡಿ ತಿರುವಿನಲ್ಲಿ ವಾಲುತ್ತದೆ. ಸೈಡ್‌ವೀಲ್ ಗಾಡಿಗೆ ಹಾಗೆ ವಾಲಲು ಬರುವುದಿಲ್ಲ. ತಿರುವಿನ ತೂಕವೆಲ್ಲ ಹೊರಗಿನ ಗಾಲಿಯ ಮೇಲೆ, ಅಲ್ಲಿಂದ ತೋಳಿನ ಬುಡದ ವೆಲ್ಡಿಂಗಿನ ಮೇಲೆ ಬೀಳುತ್ತದೆ. ಮಡ್ಗಾರ್ಡಿನೊಳಗೆ ಮೆತ್ತಿದ ಹಸಿ ಕೆಸರು ಆ ಬುಡವನ್ನು ದಿನಗಟ್ಟಲೆ ಒದ್ದೆಯಾಗಿ ಇಡುತ್ತದೆ. ಹೊರಗೆ ಕಾಣುವ ಚುಕ್ಕೆ ಬರಿಯ ಕುರೂಪ. ಒಳಗಿನದು ಅಪಾಯ.

ಗ್ಯಾರೇಜಿನ ಹುಡುಗ ಮರಾಠಿಯವನು, ಇವರನ್ನು ಕಾಕಾ ಎನ್ನುತ್ತಾನೆ. ಅವನೂ ಇವರೂ ಸೇರಿ ಆ ವರ್ಷ ಕೆಲಸ ಹಚ್ಚಿಕೊಂಡರು. ಮೊದಲ ಉಪಾಯಕ್ಕೆ ಖರ್ಚು ತೀರ ಕಡಿಮೆ. ಮುಂದಿನ ಗಾಲಿಯ ಮಡ್ಗಾರ್ಡಿನ ತುದಿಗೆ ದಪ್ಪ ರಬ್ಬರಿನ ಅಗಲವಾದ ಫ್ಲ್ಯಾಪ್ ಜೋಡಿಸಿದರು. ಟಯರಿಗೆ ತಾಕಬಾರದು, ಉಬ್ಬಿಗೆ ಸಿಕ್ಕಬಾರದು, ಆದರೆ ಆದಷ್ಟು ಕೆಳಗೆ ಇಳಿದಿರಬೇಕು. ಕಲ್ಲು ಹಾರಿದ ಮೇಲೆ ತಡೆಯುವುದಕ್ಕಿಂತ ಹಾರುವಲ್ಲಿಯೇ ತಡೆಯುವುದು ಲೇಸು.

ಆಮೇಲೆ ಮಡ್ಗಾರ್ಡುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಸತುವಿನ ಪ್ರೈಮರ್ ಹೊಡೆದು, ಮತ್ತೆ ಬಣ್ಣ ಕೊಟ್ಟರು. ಒಳಮೈಗೆ ಕಾರುಗಳ ಅಡಿಗೆ ಬಳಿಯುವ ದಪ್ಪನೆಯ ರಬ್ಬರಿನಂಥ ಲೇಪ. ಮುಂದಂಚಿಗೆ ಪಾರದರ್ಶಕ ಹಾಳೆ. ಅದು ಸ್ಟಿಕರ್ ಅಂಗಡಿಯ ವಿನೈಲ್ ಅಲ್ಲ, ಪಾಲಿಯುರೆಥೇನ್. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ತಿರುಗುರೆಕ್ಕೆಗಳನ್ನು ಮರಳಿನಿಂದ ಉಳಿಸಲು ಬಳಸಿದ ಪಟ್ಟಿಯ ವಂಶದ್ದು. ದಪ್ಪ 150ರಿಂದ 200 ಮೈಕ್ರಾನ್, ಅಂದರೆ ಕೆಳಗಿನ ಬಣ್ಣಕ್ಕಿಂತಲೂ ಹೆಚ್ಚು. ಕಲ್ಲು ಬಿದ್ದಾಗ ಅದು ಒಡೆಯುವುದಿಲ್ಲ. ತಗ್ಗಿ ಏಟನ್ನು ನುಂಗಿ ಮತ್ತೆ ಮೇಲೆದ್ದು ಕೂರುತ್ತದೆ. ಹೊಸದಾಗಿ ಸ್ಪ್ರೇ ಮಾಡಿದ ಬಣ್ಣದ ಮೇಲೆ ಕೂಡಲೇ ಅಂಟಿಸಬಾರದು. ಬಣ್ಣದೊಳಗಿನ ಥಿನ್ನರು ಪೂರ್ತಿ ಆರಿ ಹೋಗಲು ಸಾಮಾನ್ಯವಾಗಿ ಒಂದು ತಿಂಗಳು ಬಿಡುತ್ತಾರೆ. ಅವಸರ ಮಾಡಿದರೆ ಹಾಳೆಯ ಕೆಳಗೆ ಗುಳ್ಳೆ ಏಳುತ್ತದೆ, ಇಲ್ಲವೆ ಹಾಳೆ ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ. ಆ ಒಂದು ತಿಂಗಳು ಅವರು ಖಡಿ ಇರುವ ರಸ್ತೆ ಬಿಟ್ಟು ಸುತ್ತಿ ಬಳಸಿ ಓಡಾಡಿದರು.

ಉಳಿದದ್ದು ದಿನನಿತ್ಯದ ಶಿಸ್ತು. ಧೂಳಿನ ಮೇಲೆ ಒಣಬಟ್ಟೆ ಎಳೆಯಬಾರದು, ಧೂಳೇ ಉಪ್ಪುಕಾಗದವಾಗುತ್ತದೆ. ಮೊದಲು ನೀರು ಸುರಿಯಬೇಕು. ಪಾತ್ರೆಯ ಸೋಪು ಮೇಣವನ್ನೂ ತೊಳೆದುಬಿಡುತ್ತದೆ. ಡೀಸೆಲ್ ಬಟ್ಟೆಯಿಂದ ಒರೆಸಿದರೆ ಹೊಳಪು ಬಂದಂತೆ ಕಾಣುತ್ತದೆ, ಅದು ತಾಕಿದ ರಬ್ಬರು ಉಬ್ಬುತ್ತದೆ. ಮಳೆಗಾಲದಲ್ಲಿ ಒದ್ದೆ ಗಾಡಿಯ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಹಾಕುವುದೆಂದರೆ ತುಕ್ಕಿಗೆ ಕೌದಿ ಹೊದಿಸಿದಂತೆ. ಮೇಲ್ಮೈ ತೊಳೆಯದಿದ್ದರೂ ಚಿಂತೆಯಿಲ್ಲ, ಕಮಾನಿನ ಒಳಗಿನ ಕೆಸರು ಮಾತ್ರ ಒಣಗುವ ಮುಂಚೆ ಹೋಗಬೇಕು.

ಕಲ್ಲಿನ ಹೊರತಾಗಿಯೂ ಈ ಮಡ್ಗಾರ್ಡುಗಳಿಗೆ ಶತ್ರುಗಳಿದ್ದಾರೆ. ಸ್ಕೂಟರಿನ ಮುಖ ನೋಡಿ ಅಗಲ ಅಂದಾಜು ಮಾಡುವ ಬೈಕಿನವರು ಹಿಂಬದಿ ಅಗಲವಿರುವುದನ್ನು ಗಮನಿಸದೆ ಉಜ್ಜಿಕೊಂಡು ಹೋಗುತ್ತಾರೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಪಕ್ಕದ ಗಾಡಿ ತೀರ ಒತ್ತಿ ನಿಂತರೆ ಬಣ್ಣ ಮಾತ್ರವಲ್ಲ, ಇವರು ಹತ್ತುವ ಜಾಗವೂ ಹೋಯಿತು. ಊರುಗೋಲು ಊರಿ, ಮೈ ತಿರುಗಿಸಿ, ಸೀಟಿನ ಮೇಲೆ ಕೂರಲು ಒಂದು ತೋಳಿನಷ್ಟು ಜಾಗ ಬೇಕು. ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು, “ಟೂ ವೀಲರಿಗೆ ಟೂ ವೀಲರಿನಷ್ಟೇ ಜಾಗ” ಅಂದರು. ಇವರು ಅಳತೆಪಟ್ಟಿ ತಂದು, ಗಾಡಿಯ ಅಗಲ ಅಳೆದು, ನೆಲದ ಮೇಲೆ ಬಿಳಿ ಬಣ್ಣದ ಗೆರೆ ಹಾಕಿಸಿಕೊಂಡರು. ಗೆರೆ ಬಂದ ಮೇಲೆ ಗೀರು ಕಡಿಮೆಯಾಯಿತು.

ಈ ಗಾಡಿ ಏನು ಎಂಬ ಗೊಂದಲ ಸೊಸೈಟಿಗೆ ಮಾತ್ರ ಇದ್ದದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆ ಇಟ್ಟಿದ್ದ ಹೆಸರು ‘ಇನ್‌ವ್ಯಾಲಿಡ್ ಕ್ಯಾರೇಜ್’. ಇಂಗ್ಲಿಷಿನಲ್ಲಿ ಆ ಪದದ ಒತ್ತು ಮೊದಲಿಗಿದ್ದರೆ ಅಶಕ್ತ ಮನುಷ್ಯ, ನಡುವಿಗಿದ್ದರೆ ಅಸಿಂಧು. ಬರೆದಾಗ ಎರಡೂ ಒಂದೇ. ಲೈಸೆನ್ಸಿನ ಮೇಲೆ ಅದರ ಮೊಟಕು ರೂಪ ಅಚ್ಚಾಗಿರುತ್ತಿತ್ತು. ವ್ಯಾಖ್ಯೆ ಇನ್ನೂ ವಿಚಿತ್ರ: ಅಂಗವಿಕಲರಿಗಾಗಿಯೇ ವಿಶೇಷವಾಗಿ ವಿನ್ಯಾಸಗೊಳಿಸಿ ಕಟ್ಟಿದ ಗಾಡಿ ಮಾತ್ರ ಅದರೊಳಗೆ ಬರುತ್ತಿತ್ತು, ಬರಿದೆ ಮಾರ್ಪಡಿಸಿದ್ದು ಬರುತ್ತಿರಲಿಲ್ಲ. ದೇಶದ ರಸ್ತೆಗಳ ಮೇಲೆ ನಿಜವಾಗಿ ಓಡುತ್ತಿದ್ದದ್ದು ಮಾರ್ಪಡಿಸಿದ ಸ್ಕೂಟರುಗಳೇ. 2019ರ ತಿದ್ದುಪಡಿ ಆ ಪದ ತೆಗೆದು ‘ಅಡಾಪ್ಟೆಡ್ ವೆಹಿಕಲ್’ ಎಂದು ಬರೆಯಿತು, ಮಾರ್ಪಡಿಸಿದ ಗಾಡಿಗಳನ್ನೂ ಒಳಗೆ ಸೇರಿಸಿತು.

ಮಡ್ಗಾರ್ಡಿನ ಹೆಸರೂ ಹೀಗೇ ಊರಿಗೊಂದು. ಅಮೆರಿಕದಲ್ಲಿ ಫೆಂಡರ್, ಕಾಯುವ ಅರ್ಥದ ‘ಡಿಫೆಂಡ್’ ಪದದ ತಲೆ ಕತ್ತರಿಸಿ ಬಂದದ್ದು. ಬ್ರಿಟನ್ನಿನಲ್ಲಿ ಕಾರಿಗಾದರೆ ವಿಂಗ್, ರೆಕ್ಕೆ. ನಾವು ಕೆಸರನ್ನೂ ಕಾವಲನ್ನೂ ಕೂಡಿಸಿದ ಮಡ್ಗಾರ್ಡನ್ನೇ ಉಳಿಸಿಕೊಂಡೆವು. ಹೊಲಕ್ಕೆ ಬೇಲಿ ಹಾಕಿದವರು ಬೇಲಿಗೂ ಬೇಲಿ ಹಾಕುವುದಿಲ್ಲ; ಮಡ್ಗಾರ್ಡಿಗೆ ಹಾಕಬೇಕಾಗಿ ಬಂತು.

ಇಷ್ಟೆಲ್ಲ ಮಾಡಿದವರಿಗೆ ಒಂದು ಕೆಲಸ ಮಾತ್ರ ಕೈಲಾಗುವುದಿಲ್ಲ, ಕುಕ್ಕರಗಾಲಲ್ಲಿ ಕೂತು ಗಾಡಿಯ ಅಡಿ ನೋಡುವುದು. ಪ್ರತಿ ಸಲವೂ ಯಾರನ್ನಾದರೂ ಕರೆದು, “ಸ್ವಲ್ಪ ಬಗ್ಗಿ ನೋಡ್ರಿ” ಎನ್ನಬೇಕು. ನೋಡಿದವರು “ಎಲ್ಲ ಚಲೋ ಐತ್ರಿ” ಅಂದು ಎದ್ದುಬಿಡುತ್ತಾರೆ. ಕೊನೆಗೆ ಅವರು ಸೆಲ್ಫಿ ಕೋಲಿಗೆ ಫೋನು ಸಿಕ್ಕಿಸಿ, ಟಾರ್ಚು ಹಚ್ಚಿ, ನಿಂತಲ್ಲಿಂದಲೇ ಮಡ್ಗಾರ್ಡಿನೊಳಗೆ ತೂರಿಸಿ ವಿಡಿಯೊ ತೆಗೆಯಲು ಕಲಿತರು. ತೋಳಿಗೆ ಕಪ್ಪಿನ ಬದಲು ತಿಳಿಬೂದು ಬಣ್ಣ ಹೊಡೆಸಿದ್ದರು. ಕಪ್ಪಿನ ಮೇಲೆ ತುಕ್ಕು ಅಡಗುತ್ತದೆ, ತಿಳಿಬಣ್ಣದ ಮೇಲೆ ಅಡಗುವುದಿಲ್ಲ.

ಎರಡನೆಯ ವರ್ಷದ ಅಕ್ಟೋಬರಿನ ವಿಡಿಯೊದಲ್ಲಿ ಎಡತೋಳಿನ ಬುಡದ ವೆಲ್ಡಿಂಗಿನ ಅಂಚಿಗೆ ಕೂದಲೆಳೆಯಂಥ ಕಂದು ಗೆರೆ ಕಂಡಿತು. ಚುಕ್ಕೆಯಾಗಿದ್ದರೆ ಕಲ್ಲಿನ ಏಟು. ವೆಲ್ಡಿಂಗಿನ ಗುಂಟ ನೇರ ಗೆರೆಯೆಂದರೆ ಕೆಳಗಿನ ಲೋಹವೇ ಬಿಟ್ಟುಕೊಳ್ಳುತ್ತಿರಬಹುದು. ಗ್ಯಾರೇಜಿನ ಹುಡುಗ ಬಣ್ಣ ಕೆರೆದು ನೋಡಿದ. ಬಿರುಕು ಇತ್ತು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ.

“ಕಾಕಾ, ಇನ್ನೊಂದೆರಡು ತಿಂಗಳು ಬಿಟ್ಟಿದ್ದರೆ ಗಾಲಿ ಕೈಗೆ ಬರುತ್ತಿತ್ತು,” ಎಂದು ಮರಾಠಿಯಲ್ಲಿ ಹೇಳಿದ. ಮೇಲೆ ಮೇಲೆ ವೆಲ್ಡ್ ತೇಪೆ ಹಾಕದೆ ತೋಳನ್ನೇ ಬದಲಿಸಿದರು.

ಹೊಸ ತೋಳಿಗೂ ಅದೇ ತಿಳಿಬೂದು ಬಣ್ಣ. ಅವರ ಫೋನಿನಲ್ಲಿ ಈಗ ಮೊಮ್ಮಕ್ಕಳ ಫೋಟೊಗಳ ಪಕ್ಕದಲ್ಲೇ ಒಂದು ಫೋಲ್ಡರ್ ಇದೆ, ವರ್ಷಕ್ಕೆರಡು ವಿಡಿಯೊ: ಜೂನ್, ಮಳೆಗೆ ಮುಂಚೆ, ಅಕ್ಟೋಬರ್, ಮಳೆ ನಿಂತ ಮೇಲೆ. ಹೋದ ದೀಪಾವಳಿಗೆ ಬಂದ ಅಕ್ಕನ ಮಗ ತಾನಾಗಿಯೇ ಅಂಗಾತ ಮಲಗಿ ಗಾಡಿಯ ಕೆಳಗೆ ತಲೆ ತೂರಿಸಿದ. “ಮಾಮಾ, ಬಲಗಡೆ ಒಳಗ ಕೆಸರು ಗಟ್ಟಿ ಆಗೇತಿ. ನೀರಿನ ಪೈಪ್ ಕೊಡ್ರಿ,” ಅಂದ.