ಗಾಳದ ಕೋಲಿಗೆ ಬಳೆ ಅಳತೆ

ಈ ಬೇಸಗೆ ನಮ್ಮ ಜಗಲಿಯಲ್ಲಿ ಹಪ್ಪಳ ಹರಡುವ ಜಾಗದಲ್ಲಿ ಗಾಳದ ಕೋಲು ತಿರುಗಿತು. ಕಂಡವರೆಲ್ಲ ಕೇಳಿದ್ದೇ ಕೇಳಿದ್ದು. ಆಚೆಮನೆ ಅಕ್ಕ ಅಂತೂ ಗೇಟಿನ ಹತ್ರವೇ ನಿಂತು, "ಹ್ವಾಯ್, ಇದೆಂತ ಮಾರಾಯ್ತಿ, ಕೋಲಿಗೆ ಬಳಿ ತೊಡ್ಸುಕೆ ಕೂಕಂಡಿದ್ಯಾ?" ಅಂದರು. ಅವರು ತಮಾಷೆಗೆ ಅಂದದ್ದು. ಆದರೆ ನಾನು ಮಾಡ್ತಾ ಇದ್ದದ್ದು ಅದನ್ನೇ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುಕಿಂತ ಇಲ್ಲಿ ಒಟ್ಟಿಗೆ ಬರೆದು ಬಿಡ್ತೆ.

ಎರಡು ವರ್ಷದ ಹಿಂದೆ ಇವರಿಗೆ ಸ್ಟ್ರೋಕ್ ಆದದ್ದು ನಿಮಗೆಲ್ಲ ಗೊತ್ತಿದ್ದದ್ದೇ. ದೇವರ ದಯೆ, ನಡಿಗೆ ಬಂತು, ಮಾತು ಬಂತು. ಬಲಗೈ ಬೆರಳು ಮಾತ್ರ ಪೂರ್ತಿ ಬರಲಿಲ್ಲ. ಊಟ ಮಾಡ್ತಾರೆ, ಕೊಡೆ ಹಿಡೀತಾರೆ. ಅಂಗಿ ಗುಬ್ಬಿ ಹಾಕುಕೆ ಆಗುದಿಲ್ಲ. ಮೊದಲೆಲ್ಲ ಆದಿತ್ಯವಾರ ಆದರೆ ಸಾಕು, ಗಂಗೊಳ್ಳಿ ಅಳಿವೆ ಬದಿಗೆ ಹೋಪುದು ಇವರ ವ್ರತ. ಐದು ಹೊಳೆ ಕೂಡಿ ಕಡಲಿಗೆ ಸೇರುವ ಜಾಗ ಅದು, ನೀರು ಏರಿಳಿಯುವ ಹೊತ್ತು ನೋಡ್ಕಂಡು ಹೋದರೆ ಬರಿಗೈಲಿ ಬಂದದ್ದು ಕಮ್ಮಿ. ಸ್ಟ್ರೋಕ್ ಆದ ಮೇಲೆ ಕೋಲು ಅಟ್ಟಕ್ಕೆ ಹೋಯಿತು. ಇವರು ಅದರ ಸುದ್ದಿ ಎತ್ತುದನ್ನೇ ಬಿಟ್ಟರು. ಸುದ್ದಿ ಎತ್ತದೆ ಇಪ್ಪುದೇ ನನಗೆ ಹೆಚ್ಚು ಕಷ್ಟ ಆಗ್ತಿತ್ತು.

ಮಗ ರಜೆಗೆ ಬಂದವ ಒಂದು ಉಪಾಯ ಮಾಡಿದ. ರೀಲಿನ ಹಿಡಿಯನ್ನು ಯಾವ ಬದಿಗೆ ಬೇಕಾದರೂ ಸಿಕ್ಕಿಸುಕೆ ಬರ್ತದೆ. ಹಾಗಾಗಿ ಅಪ್ಪಯ್ಯ ಎಡಗೈಲಿ ಕೋಲು ಬೀಸಿ, ಬಲಗೈಲಿ ಬರೀ ತಿರುಗಿಸಿದರೆ ಸಾಕು ಅಂದ. ಆದರೆ ಅಟ್ಟದ ಕೋಲು ಎಡಗೈಗೆ ಭಾರ. ಅದಕ್ಕೆ ಮೊದಲಿನ ಕಾಲದ ಹಾಗೆ 40, 30, 20, 16, 12, 10 ಅಂತ ದೊಡ್ಡ ದೊಡ್ಡ ಬಳೆ. ಹೊಸದು ಮಾಡುವ ಅಂದ. ಪೇಟೆಯಲ್ಲಿ ಸಿಕ್ಕುವ ತಯಾರಿ ಕೋಲಲ್ಲ. ಬೋಳು ಕೋಲು ತರಿಸಿ, ಅದಕ್ಕೆ ಇವರ ಕೈಗೆ ಬೇಕಾದ ಹಾಗೆ ಬಳೆ ಕೂರಿಸುದು. ಆ ಬಳೆಗೆ ಅವರು ಗೈಡ್ ಅಂತಾರೆ. ನನಗೆ ಬಳೆಯೇ.

ಬಳೆ ಎಂತಕ್ಕೆ ದೊಡ್ಡದು ಸಣ್ಣದು ಬೇಕು ಅಂತ ಕೇಳಿದರೆ, ಹೊಲಿಗೆ ಮೆಷಿನು ಇದ್ದವರಿಗೆ ಬೇಗ ಅರ್ಥ ಆಗ್ತದೆ. ದಾರದ ಉಂಡೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಎಳೆದು ಕಾಣಿ. ದಾರ ಸೀದಾ ಬರುದಿಲ್ಲ, ಸುರುಳಿ ಸುರುಳಿಯಾಗಿ ಉಂಡೆಯ ಸುತ್ತ ಕುಣಿದು ಬರ್ತದೆ. ಸ್ಪಿನ್ನಿಂಗ್ ರೀಲಿನದ್ದೂ ಇದೇ ಕತೆ. ಬೀಸುವಾಗ ಅದರ ಉಂಡೆ ತಿರುಗುದಿಲ್ಲ, ದಾರವೇ ಅಂಚು ಹಾರಿ ಸುರುಳಿಯಾಗಿ ಹೊರಡ್ತದೆ. ಮೊದಲಿನ ಬಳೆ ಆ ಸುರುಳಿಯನ್ನು ಹಿಡೀಬೇಕು. ಅದು ತೀರ ಸಣ್ಣದಾಗಿ ರೀಲಿಗೆ ಹತ್ರ ಇದ್ದರೆ ದಾರ ಅಲ್ಲಿ ಮುಗ್ಗರಿಸ್ತದೆ, ದೂರ ಹೋಗುದಿಲ್ಲ. ತೀರ ದೊಡ್ಡದಾದರೆ ಸುರುಳಿ ಅಡಗುದೇ ಇಲ್ಲ, ಮುಂದೆಯೂ ಕುಣಿದು ಕೋಲಿಗೆ ಪಟಪಟ ಹೊಡೀತದೆ. ಅಲ್ಲಿಂದ ಮುಂದೆ ಒಂದೊಂದೇ ಬಳೆ ಸಣ್ಣ ಆಗ್ತಾ ಹೋಗಿ, ಒಂದು ಕಡೆ ದಾರ ಸೀದಾ ಗೆರೆಗೆ ಬರ್ತದೆ. ಅಲ್ಲಿಂದ ತುದಿ ತನಕ ಎಲ್ಲ ಒಂದೇ ಅಳತೆಯ ಸಣ್ಣ ಬಳೆ.

ಇದಕ್ಕೆ ಲೆಕ್ಕವೂ ಉಂಟು. ಜಪಾನಿನ ಫೂಜಿ ಕಂಪನಿಯವರು ನ್ಯೂ ಗೈಡ್ ಕಾನ್ಸೆಪ್ಟ್ ಅಂತ ಹೆಸರಿಟ್ಟು ಹೇಳಿಕೊಟ್ಟ ಕ್ರಮ. ರೀಲಿನ ಉಂಡೆಯ ಮುಂದಿನ ಅಂಚಿನ ಅಗಲವನ್ನು 27ರಿಂದ ಗುಣಿಸಬೇಕು. ಅಷ್ಟು ದೂರದಲ್ಲಿ ದಾರ ಸೀದಾ ಆಗುವ ಬಳೆ. ನಮ್ಮ ರೀಲಿನದ್ದು 48 ಮಿ.ಮೀ. ಇತ್ತು, ಗುಣಿಸಿದರೆ 1296. ಅಂದರೆ ರೀಲಿನಿಂದ ಹತ್ರಹತ್ರ 1 ಮೀಟರ್ 30 ಸೆಂ.ಮೀ. ಮೊದಲಿನ ಬಳೆ ಉಂಡೆಯ ಅಗಲದ ಅರ್ಧ, ಅದರ ಮುಂದಿನದ್ದು ಅದರ ಅರ್ಧ, ಹೀಗೆ ಇಳಿಸಿಕೊಂಡು ಹೋಪುದು. ಒಟ್ಟು ಎಷ್ಟು ಬಳೆ ಅಂದರೆ ಅಡಿಗೊಂದು, ಮೇಲೊಂದು. ನಮ್ಮದು ಎಂಟಡಿ ಕೋಲು, ತುದಿಯದ್ದೂ ಸೇರಿ ಒಂಬತ್ತು. ನಾನು ಪಿಯುಸಿಯಲ್ಲಿ ಕಲಿತ ಲೆಕ್ಕ ಇಷ್ಟು ವರ್ಷದಲ್ಲಿ ಹಾಲಿನವನ ಚೀಟಿ ಬಿಟ್ಟರೆ ಇದಕ್ಕೇ ಉಪಯೋಗಕ್ಕೆ ಬಂದದ್ದು.

ಮಗ ಹಗುರ, ಹಗುರ ಅಂತ ಜಪ ಮಾಡ್ತಾ ಇದ್ದ. 20, 10, 5.5, ಮತ್ತೆ ತುದಿ ತನಕ 4.5ರದ್ದು ತರಿಸಿದ್ದ. ಅವ ಹೇಳುದರಲ್ಲಿ ಸುಳ್ಳಿರಲಿಲ್ಲ. ಮಾಡಿನ ಜೇಡರಬಲೆ ಹೊಡೆಯುವ ಉದ್ದ ಕೋಲು ಇರ್ತದಲ್ಲ, ಅದರ ತುದಿಗೆ ಒಣ ಹಿಡಿಸೂಡಿ ಕಟ್ಟಿದರೆ ಒಂದು, ಒದ್ದೆ ಹಿಡಿಸೂಡಿ ಕಟ್ಟಿದರೆ ಮತ್ತೊಂದು. ಬುಡದಲ್ಲಿ ಭಾರ ಇದ್ದರೆ ಕೈಗೆ ಗೊತ್ತಾಗುದಿಲ್ಲ. ತುದಿಯಲ್ಲಿ ಚೂರು ಹೆಚ್ಚಾದರೂ ರಟ್ಟೆ ಹೇಳ್ತದೆ. ಬೀಸಿದ ಮೇಲೆ ತುದಿ ಅಲುಗಾಡುದೂ ನಿಲ್ಲುದಿಲ್ಲ. ಅದಕ್ಕೇ ತುದಿಯ ಬಳೆ ಆದಷ್ಟು ಸಣ್ಣ ಇಡುದು.

ಬಳೆಯನ್ನು ಕೂಡಲೇ ಕಟ್ಟಿ ಬಿಡುಕಾಗ. ಸೈಕಲ್ಲಿನ ವಾಲ್ ಟ್ಯೂಬನ್ನು ಸಣ್ಣ ಸಣ್ಣ ಉಂಗುರ ಕತ್ತರಿಸಿ, ಅದರಲ್ಲಿ ಬಳೆಯ ಕಾಲನ್ನು ಕೋಲಿಗೆ ಸಿಕ್ಕಿಸಿ, ಬೀಸಿ ನೋಡಬೇಕು. ಹಿಂದೆ ಮುಂದೆ ಜರುಗಿಸುಕೆ ಸುಲಭ. ಎರಡು ತುಂಡಿನ ಕೋಲಾದರೆ ಕೂಡು ಇಪ್ಪ ಜಾಗಕ್ಕೆ ಬಳೆ ಬಾರದ ಹಾಗೆ ನೋಡ್ಕಣಬೇಕು. ಕೊಯ್ಲಾದ ಗದ್ದೆಗೆ ಹೋಗಿ, 20 ಗ್ರಾಮಿನ ಸೀಸದ ಗುಂಡು ಕಟ್ಟಿ ಅಪ್ಪ ಮಗ ಬೀಸಿದರು. ಹೆಜ್ಜೆ ಎಣಿಸುದು ನನ್ನ ಕೆಲಸ. ಮಗ ಬೀಸಿದ್ದು ಸೊಂಯ್ಯಂತ ಹೋಯಿತು. ಇವರು ಎಡಗೈಲಿ ಬೀಸಿದರು, ಟಕ್ ಅಂತು. ಗುಂಡು ದಾರ ಹರ್ಕಂಡು ಗದ್ದೆ ಅಂಚು ದಾಟಿ ಹೋಯಿತು. ಇವತ್ತಿಗೂ ಸಿಕ್ಕಲಿಲ್ಲ, ಕೋಣಕ್ಕೆ ಸಿಕ್ಕಿದ್ದರೆ ಗೊತ್ತಿಲ್ಲ.

ಹರಿದದ್ದು ಎಂತಕ್ಕೆ ಅಂದರೆ ಗಂಟು. ರೀಲಿನಲ್ಲಿ ಇಪ್ಪುದು ಹೆಣೆದ ದಾರ, ಕೂದಲಿನ ಹಾಗೆ ತೆಳು. ಕಲ್ಲಿಗೆ, ಮೀನಿನ ಹಲ್ಲಿಗೆ ಅದು ನಿಲ್ಲುದಿಲ್ಲ. ಹಾಗಾಗಿ ಅದರ ಕೊನೆಗೆ ದಪ್ಪದ ನೈಲಾನ್ ದಾರ ಒಂದಷ್ಟು ಜೋಡಿಸ್ತಾರೆ, ಲೀಡರ್ ಅಂತ. ಜೋಡಿಸಿದ ಗಂಟು ಬೀಸುವಾಗ ಬಳೆಯೊಳಗೆ ನುಗ್ಗಿ ಹೋಗಬೇಕು. ಮಗ ಹಾಕುದು ಎಫ್‌ಜಿ ಗಂಟು. ಹೆಣೆದ ದಾರವನ್ನು ಬಿಗಿ ಎಳೆದು ಹಿಡಿದು, ಲೀಡರನ್ನು ಅದರ ಸುತ್ತ ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ 20 ಸಲ ಹೆಣೆಯುದು. ಜಡೆ ಹೆಣೆದ ಹಾಗೆ ಚೆಂದ, ಮುಟ್ಟಿದರೂ ಗಂಟು ಅಂತ ಗೊತ್ತಾಗುದಿಲ್ಲ. ಇವರು ಹಾಕುದು ಹಳೆಯ ಯೂನಿ ಗಂಟು, ಎರಡು ಸುತ್ತು ಎದುರು ಬದುರು ಕೂತು ಗುಬುಟು ಆಗ್ತದೆ. ಸಾಸಿವೆಗಿಂತ ದೊಡ್ಡದು, ಕೊತ್ತಂಬರಿಗಿಂತ ಸಣ್ಣದು. 4.5ರ ಬಳೆಯಲ್ಲಿ ಅದು ಸಿಕ್ಕಿಬಿತ್ತು.

"ಅಪ್ಪಯ್ಯ, ಎಫ್‌ಜಿ ಹಾಕ್ಕ್, ಅಷ್ಟೆ. ನಾ ಕಲ್ಸ್ತೆ," ಅಂದ ಮಗ. ಇವರು "ಹ್ಞೂಂ" ಅಂದರು. ಆ "ಹ್ಞೂಂ" ಎಂತದ್ದು ಅಂತ ನನಗೆ ಗೊತ್ತು. ಸಂಜೆ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಹೆಣೆದರು. ಬಲಗೈ ಹೆಬ್ಬೆರಳಿಂದ ದಾರ ಜಾರುದು, ಮತ್ತೆ ಸುರು ಮಾಡುದು. ಚಾ ಕೊಟ್ಟದ್ದು ಹಾಗೇ ಆರಿತು. ಕೊನೆಗೆ, "ನಾಳೆ ಕಾಂಬ," ಅಂದು ಒಳಗೆ ಹೋದರು.

ರಾತ್ರಿ ಮಗನಿಗೆ ನಾನೇ ಹೇಳಿದೆ. "ನೀ ಇಲ್ಲಿ ಇಪ್ಪುದ್ ನಾಕ್ ದಿನ. ಅಳಿವೆ ಬದಿಯಂಗೆ ಕಲ್ಲಿಗೆ ಸಿಕ್ಕಿ ದಾರ ಹರಿದ್ರೆ ಅಲ್ಲಿ ಗಂಟ್ ಹಾಕುದ್ ಯಾರ್? ಅವ್ರಿಗೆ ಬಪ್ಪ ಗಂಟ್ ಹೋಪಂಥ ಬಳಿ ತರ್ಸ್." ಅವ ಭಾರದ ಲೆಕ್ಕ ತೆಗೆದ. ನಾನು ಬಳೆ ಅಂಗಡಿ ಲೆಕ್ಕ ಹೇಳಿದೆ. ಬಳೆ ತೊಡಿಸುವವ ನಮ್ಮ ಮಣಿಕಟ್ಟು ನೋಡ್ತಾನಾ? ಕೈ ಮಡಿಸಿ ಗೆಣ್ಣು ಒತ್ತಿ ನೋಡ್ತಾನೆ. ಬಳೆ ಕೂರುದು ಮಣಿಕಟ್ಟಲ್ಲಿ, ಆದರೆ ದಾಟಬೇಕಾದ್ದು ಗೆಣ್ಣನ್ನು. ನನ್ನ ಮಣಿಕಟ್ಟಿಗೆ ಎರಡು ನಾಲ್ಕು ಸಾಕು, ಗೆಣ್ಣು ಎರಡು ಆರಿನದ್ದು, ಹಾಗಾಗಿ ಮದುವೆಯಿಂದ ಈಚೆ ಎರಡು ಆರೇ ತೊಡುದು. ದಾರ ಕೂದಲಷ್ಟು ಇರಲಿ, ಬಳೆ ಗಂಟಿಗೆ ತರಬೇಕು. ಅದೂ ಯಾರ ಗಂಟು? ಕೋಲು ಹಿಡಿಯುವವರ ಗಂಟು.

ಮಗ ಸುಮ್ಮನೆ ಕೂತ. ಮತ್ತೆ ಎದ್ದು ಹೋಗಿ ತಕ್ಕಡಿ ತಂದ. ನಮ್ಮ ಅಡುಗೆಮನೆ ತಕ್ಕಡಿಗೆ ಒಂದು ಬಳೆ ಇಟ್ಟರೆ ಸೊನ್ನೆ. ಪರಿಚಯದವರ ಹತ್ರ 6ರದ್ದು ಐದು ತಂದು ಒಟ್ಟಿಗೆ ಇಟ್ಟ ಮೇಲೆ ಒಂದು ಗ್ರಾಂ ತೋರಿಸಿತು, ಒಮ್ಮೆ ತೋರಿಸಿ ಒಮ್ಮೆ ಸೊನ್ನೆಗೆ ಹೋಯಿತು. "ಇಷ್ಟಕ್ಕಾ ಮಾರಾಯಾ ನೀ ಹೊಡೆದಾಡದ್ದ್?" ಅಂದೆ. ಅವನಿಗೂ ನಗೆ ಬಂತು. ಒಂದು ಗ್ರಾಮೂ ತುದಿಯಲ್ಲಿ ಗೊತ್ತಾಗ್ತದೆ ಅನ್ನುದು ಹೌದು. ಆದರೆ ಆ ಭಾರ ಇವರ ಎಡಗೈ ತಡ್ಕಂತದೆ. ಹತ್ತು ಬೀಸಿಗೆ ಒಮ್ಮೆ ಟಕ್ ಅಂತ ನಿಲ್ಲುದನ್ನು ಇವರ ಮನಸ್ಸು ತಡ್ಕಣುದಿಲ್ಲ, ಕೋಲು ಮತ್ತೆ ಅಟ್ಟಕ್ಕೇ.

ಇಲ್ಲೊಂದು ಮಾತು ಹೇಳಿ ಬಿಡಬೇಕು, ಬಳೆ ಅಂಗಡಿಯ ನಂಬರಿಗೂ ಈ ನಂಬರಿಗೂ ವ್ಯತ್ಯಾಸ ಉಂಟು. ನಮ್ಮ ಎರಡು ಆರು ಅಂದರೆ ಒಳಗಿನ ಅಗಲ, 2 ಇಂಚು ಮತ್ತೆ ಇಂಚಿನ 16ರಲ್ಲಿ 6 ಪಾಲು. ಗೈಡಿನ 6 ಅಂದರೆ ಉಂಗುರದ ಹೊರಗಿನ ಅಗಲ. ಒಳಗಿನ ತೂತು ಸುಮಾರು 4 ಮಿ.ಮೀ. ಮಾತ್ರ. ಉಂಗುರದ ಗೋಡೆ ತೆಳು ಇದ್ದರೆ ತೂತು ಚೂರು ದೊಡ್ಡ, ದಪ್ಪ ಇದ್ದರೆ ಸಣ್ಣ. ನಂಬರ್ ನೋಡಿ ತರಿಸಿ, ಗಂಟು ಹೋಗದೆ ಕೂರುದಕ್ಕಿಂತ ಗಂಟು ಹಾಕಿದ ದಾರವನ್ನೇ ತೂರಿಸಿ ನೋಡುದು ಒಳ್ಳೆದು. ನಾನು ಅಡುಗೆಮನೆ ಕಟ್ಟೆಯಲ್ಲಿ ಇವರ ಗಂಟನ್ನು 6ರ ಬಳೆಯಲ್ಲಿ ಹತ್ತಿಪ್ಪತ್ತು ಸಲ ಆಚೆ ಈಚೆ ಎಳೆದೆ. ಒಮ್ಮೆಯೂ ತಡೆಯಲಿಲ್ಲ.

ಕೊನೆಗೆ ಕೂತದ್ದು 25, 12, 8, ಮತ್ತೆ 6ರದ್ದು ಐದು, ತುದಿಗೂ 6. ಮೊದಲಿನ 25ರದ್ದು ಎತ್ತರದ ಕಾಲಿನದ್ದು. ಅಗಲ ಒಂದೇ ನೋಡಿದರೆ ಸಾಲ, ಎತ್ತರವೂ ಬೇಕು, ಇಲ್ಲದಿದ್ದರೆ ಸುರುಳಿ ಕೋಲಿಗೆ ಬಡೀತದೆ. 27ರ ಲೆಕ್ಕದಲ್ಲಿ ಬಂದ ಜಾಗಕ್ಕೆ 6ರ ಮೊದಲಿನ ಬಳೆ ಹೋಯಿತು. 25ರದ್ದನ್ನು ಮಾತ್ರ ಗದ್ದೆಯಲ್ಲಿ ಎರಡು ಬೆರಳು ಹಿಂದೆ, ಒಂದು ಬೆರಳು ಮುಂದೆ ಅಂತ ಜರುಗಿಸಿ, ಹೆಜ್ಜೆ ಎಣಿಸಿ ಎಣಿಸಿ ನಿಲ್ಲಿಸಿದ್ದು.

ಕಟ್ಟಿದ್ದು ನಾನು. ತವರಿನಲ್ಲಿ ಬಾಳೆನಾರಲ್ಲಿ ಮಲ್ಲಿಗೆ ಕಟ್ಟಿದ ಕೈ ಇದು, ದಾರ ಸಡಿಲ ಬಿಡುದಿಲ್ಲ. ಬಳೆಯ ಕಾಲಿನ ತುದಿಯನ್ನು ಮೊದಲು ಅರದಲ್ಲಿ ಉಜ್ಜಿ ತೆಳು ಮಾಡಬೇಕು, ಆಗ ದಾರ ಅದರ ಮೇಲೆ ಹತ್ತುವಾಗ ಮೆಟ್ಟಿಲು ಬೀಳುದಿಲ್ಲ. ಸುತ್ತಿಗೆ ಸುತ್ತು ತಾಗಿ, ನಡುವೆ ಕೋಲು ಕಾಣದ ಹಾಗೆ ಸುತ್ತಬೇಕು. ಕೊನೆಯ ಕೆಲವು ಸುತ್ತಿನೊಳಗೆ ಒಂದು ಕುಣಿಕೆ ಇಟ್ಟು, ದಾರದ ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ತುದಿ ಒಳಗೆ ಅಡಗ್ತದೆ. ಮೇಲಿಂದ ಎಪಾಕ್ಸಿ ಬಳಿದು, ಗಟ್ಟಿ ಆಗುವ ತನಕ ಕೋಲನ್ನು ನಿಧಾನ ತಿರುಗಿಸ್ತಾ ಇರಬೇಕು. ಇಲ್ಲದಿದ್ದರೆ ಒಂದೇ ಬದಿಗೆ ಇಳಿದು ಹೊಟ್ಟೆ ಬರ್ತದೆ. ಹಾಳಾದ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರನ್ನು ಮಗ ಅದಕ್ಕೆ ಜೋಡಿಸಿ ಕೊಟ್ಟು ಬೆಂಗಳೂರಿಗೆ ಹೋದ. ನೀವೆಲ್ಲ ಜಗಲಿಯಲ್ಲಿ ಕಂಡದ್ದು ಅದು.

ಈಗ ಮೈದುನನ ಒಟ್ಟಿಗೆ ವಾರಕ್ಕೆರಡು ದಿನ ಹೋಗ್ತಾರೆ. ಅಳಿವೆಯ ಕಲ್ಲುಗುಪ್ಪೆ ಹತ್ತುಕೆ ನಾನು ಬಿಟ್ಟಿಲ್ಲ, ಹಿನ್ನೀರಿನ ದಂಡೆ ಮಾತ್ರ. ಮೊದಲಿನ ಎರಡು ದಿನ ಎಂತದೂ ಸಿಕ್ಕಲಿಲ್ಲ. ಮೂರನೇ ದಿನ ಒಂದು ಕೆಂಬೇರಿ ಬಂತು, ಕಿಲೋಕ್ಕೆ ಚೂರು ಕಮ್ಮಿ. ಅದಕ್ಕಿಂತ ಹೆಚ್ಚಾಗಿ ಮೈದುನ ಹೇಳಿದ್ದು ನನಗೆ ಬೇಕಿತ್ತು. ದಾರ ಎರಡು ಸಲ ಕಲ್ಲಿಗೆ ಸಿಕ್ಕಿ ಹರಿಯಿತಂತೆ. "ಅಣ್ಣ ಹಲ್ಲಂಗೆ ಕಚ್ಕಂಡ್ ಎಡಗೈಯಂಗೆ ಗಂಟ್ ಹಾಕಿರ್ ಅತ್ಗಿ, ನಾ ಕೈ ಹಾಕುಕೆ ಹೋರೆ ಬೈದ್ರ್," ಅಂದ.

ಬಂದ ಕೂಡಲೆ ಕೋಲಿಗೆ ಸಿಹಿನೀರು ಹೊಯ್ಯುದು ನನ್ನ ಪಾಲಿನ ಕೆಲಸ, ಉಪ್ಪು ಕೂತರೆ ಬಳೆಯ ಕಾಲಿಗೆ ತುಕ್ಕು. ತಿಂಗಳಿಗೊಮ್ಮೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಳೆಯ ಒಳಗೆ ತಿರುಗಿಸಿ ನೋಡ್ತೆ. ಹತ್ತಿಯ ಎಳೆ ಸಿಕ್ಕಿದರೆ ಅಲ್ಲಿ ಉಂಗುರ ಒಡೆದಿದೆ ಅಂತ, ಅಂಥ ಬಳೆ ದಾರ ಕುಯ್ತದೆ. ಈಗ ಮೈದುನನಿಗೂ ಒಂದು ಕೋಲು ಬೇಕಂತೆ. ಅವನದ್ದು ಹೆಣೆದ ದಾರ ಅಲ್ಲ, ಪೂರ್ತಿ ನೈಲಾನ್. ಅದು ಗಡಸು, ಸುರುಳಿ ಬೇಗ ಅಡಗುದಿಲ್ಲ, ಮೊದಲಿಗೆ 30ರದ್ದೇ ಬೇಕಾಗ್ತದೆ ಅಂತ ಕಾಣ್ತದೆ. ರೀಲು ತಂದು ಕೊಡು, ಅಳತೆ ತೆಗೆದು ಹೇಳ್ತೆ ಅಂದಿದ್ದೆ. ಇನ್ನೂ ತಂದಿಲ್ಲ.