ತಾಯಿಯ ಹೆಸರಿನ ಮನೆ

ಸಿದ್ದಾಪುರದ ಮನೆಯನ್ನು ಕೊಂಡವನು ನಾನು. ಆದರೆ ಅದು ನನ್ನ ಮನೆಯೆಂದು ಊರಿನಲ್ಲಿ ಯಾರೊಬ್ಬರೂ ಎಂದೂ ಹೇಳಿದವರಲ್ಲ. ತಂದೆ ತೀರಿಕೊಂಡ ಮೇಲೆ ಬೆಂಗಳೂರಿನ ಮೂರನೆಯ ಅಂತಸ್ತಿಗೆ ಬರಲೊಪ್ಪದ ತಾಯಿಗಾಗಿ 2009ರ ಶ್ರಾವಣದಲ್ಲಿ ಆ ಮಾಳಿಗೆಯ ಮನೆಯನ್ನು ಕೊಂಡೆನು. ನೋಂದಣಿಯ ವೆಚ್ಚವೂ ಸೇರಿ 4,20,000 ರೂಪಾಯಿ. ಕ್ರಯಪತ್ರದಲ್ಲಿದ್ದುದು ನನ್ನ ಹೆಸರು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಹಿತ್ತಿಲಿನಲ್ಲಿ ಕರಿಬೇವು ನೆಟ್ಟು ಅದನ್ನು ಮನೆಯಾಗಿ ಮಾಡಿದವಳು ಆಕೆ.

ಈಗ ಆಕೆಗೆ ಎಂಬತ್ತನಾಲ್ಕು. ಮಂಡಿ ನೋವು ಹೆಚ್ಚಿದೆ, ವೈದ್ಯರು ಹತ್ತಿರದಲ್ಲಿರಬೇಕು. ತಂಗಿ ಚಳ್ಳಕೆರೆಯಲ್ಲಿರುವುದರಿಂದ ಅವಳ ಬೀದಿಯಲ್ಲಿಯೇ ಮೆಟ್ಟಿಲಿಲ್ಲದ ಸಣ್ಣ ಮನೆಯೊಂದನ್ನು ನೋಡಿದೆವು. 2025ರ ಕಾರ್ತಿಕದಲ್ಲಿ ಸಿದ್ದಾಪುರದ ಮನೆ 15,00,000 ರೂಪಾಯಿಗೆ ಮಾರಾಟವಾಯಿತು. ಆಗ ಎದುರಿಗೆ ಬಂದು ನಿಂತದ್ದು ಬಂಡವಾಳ ಲಾಭದ ತೆರಿಗೆ.

ಈ ತೆರಿಗೆ ನಮ್ಮ ದೇಶಕ್ಕೆ ಮೊದಲು ಬಂದದ್ದು 1947ರಲ್ಲಿ. ಎರಡು ವರ್ಷಗಳಲ್ಲಿಯೇ ರದ್ದಾಗಿ, ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಕಾಲ್ಡೋರರ ಸಲಹೆಯ ಮೇರೆಗೆ 1956ರಲ್ಲಿ ಮರುಜನ್ಮ ಪಡೆಯಿತು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ, ದೇಶದಲ್ಲಿ ನೆಲಸಿರುವ ವ್ಯಕ್ತಿ ಎರಡು ಲೆಕ್ಕಗಳಲ್ಲಿ ಹಗುರವಾದುದನ್ನು ಆರಿಸಿಕೊಳ್ಳಬಹುದು. ಕೊಂಡ ಬೆಲೆಯನ್ನು ಇದ್ದಂತೆಯೇ ಕಳೆದು ಉಳಿದ ಲಾಭಕ್ಕೆ ನೂರಕ್ಕೆ ಹನ್ನೆರಡೂವರೆ. ಇಲ್ಲವೇ ಹಣದುಬ್ಬರದ ಸೂಚ್ಯಂಕದಂತೆ ಕೊಂಡ ಬೆಲೆಯನ್ನು ಏರಿಸಿಕೊಂಡು ಉಳಿದುದಕ್ಕೆ ನೂರಕ್ಕೆ ಇಪ್ಪತ್ತು.

ನಮ್ಮ ಆಡಿಟರು ಕೇಳಿದ ಪ್ರಶ್ನೆಗಳು ವಿಚಿತ್ರವಾಗಿದ್ದವು. 2011ರ ಕೊನೆಯಲ್ಲಿ ತಾಯಿಗಾಗಿ ಒಳಗೇ ಕಟ್ಟಿಸಿದ ಬಚ್ಚಲುಮನೆಗೆ ರಸೀದಿ ಇದೆಯೆ? ಇದ್ದಿತು, 80,000 ರೂಪಾಯಿಗೆ. ಅದು ಲೆಕ್ಕಕ್ಕೆ ಸೇರಿತು. ಕಟ್ಟಡಕ್ಕೆ ಹೊಸದಾಗಿ ಕೂಡಿಸಿದ್ದು. ಪ್ರತಿ ಯುಗಾದಿಗೆ ಆಕೆ ಹಟ ಹಿಡಿದು ಹೊಡೆಸುತ್ತಿದ್ದ ಸುಣ್ಣ ಸೇರಲಿಲ್ಲ. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಹಾಕಿಸುತ್ತಿದ್ದ ಮಣ್ಣೂ ಅಷ್ಟೆ. ಕಾಯಿದೆಗೆ ಅದು ಬರಿಯ ದುರಸ್ತಿ. ಆದರೆ ಮನೆ ಹದಿನಾರು ವರ್ಷ ನಿಂತದ್ದು ಆ ಸುಣ್ಣ ಮಣ್ಣುಗಳಿಂದಲೇ.

2009-10ರ ಸೂಚ್ಯಂಕ 148, 2025-26ರದು 376. ಆ ಪ್ರಕಾರ ಮನೆಯ ಬೆಲೆ 10,67,000 ಆಯಿತು, ಬಚ್ಚಲುಮನೆಯದು 1,63,000. ಲಾಭ ಎರಡು ಲಕ್ಷದ ಎಪ್ಪತ್ತು ಸಾವಿರದೊಳಗೆ ಬಂದು, ಸೆಸ್ಸನ್ನು ಬಿಟ್ಟು ತೆರಿಗೆ ಸುಮಾರು 54,000 ರೂಪಾಯಿ. ಇನ್ನೊಂದು ದಾರಿಯಲ್ಲಿ ಹೋಗಿದ್ದರೆ 1,25,000.

ಅದನ್ನೂ ಕೊಡಬೇಕಾಗಿಲ್ಲ ಎಂದರು ಆಡಿಟರು. 1961ರ ಆದಾಯ ತೆರಿಗೆ ಕಾಯಿದೆಯ 54ನೆಯ ಸೆಕ್ಷನ್ನಿನಂತೆ, ಮಾರಿದ ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆಯನ್ನು ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದಷ್ಟು ಲಾಭಕ್ಕೆ ವಿನಾಯಿತಿ. ಆ ಮನೆಯಲ್ಲಿ ನಾನೇ ವಾಸಿಸಬೇಕೆಂಬ ನಿರ್ಬಂಧವಿಲ್ಲ, ತಾಯಿ ಇರಬಹುದು. ಆದರೆ ಕೊಳ್ಳುವವನು ನಾನಾಗಿರಬೇಕು. ಬೇರೆಯವರ ಹೆಸರಿನಲ್ಲಿ ಕೊಂಡರೆ ವಿನಾಯಿತಿ ಸಲ್ಲುವುದೆ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳು ಒಂದೇ ದನಿಯಲ್ಲಿ ನುಡಿದಿಲ್ಲ.

ಈ ಸೆಕ್ಷನ್ನಿನ ಹಳೆಯ ರೂಪದಲ್ಲಿ ಒಂದು ಮಾತಿದ್ದಿತು. ಮಾರಿದ ಮನೆಯಲ್ಲಿ ಅದಕ್ಕೆ ಮುಂಚಿನ ಎರಡು ವರ್ಷ ಮಾಲೀಕನೋ ಅವನ ತಂದೆ ಅಥವಾ ತಾಯಿಯೋ ವಾಸವಾಗಿರಬೇಕಾಗಿದ್ದಿತು. 1982ರ ಹಣಕಾಸು ಕಾಯಿದೆ ಈ ಷರತ್ತನ್ನು ತೆಗೆದುಹಾಕಿತು. ಯಾರು ಎಲ್ಲಿ ಮಲಗಿದ್ದರೆಂದು ರುಜುವಾತು ಮಾಡುವ ತಾಪತ್ರಯ ತಪ್ಪಿತು, ಜನಕ್ಕೆ ಅನುಕೂಲವೇ. ಆದರೂ ತೆರಿಗೆಯ ಪುಸ್ತಕದಲ್ಲಿ ಹೆತ್ತವರಿಗಿದ್ದ ಆ ಒಂದು ಸ್ಥಾನ ಹೋಯಿತಲ್ಲ ಎಂದು ನನಗೆ ಅನ್ನಿಸದಿರಲಿಲ್ಲ. ಸಿದ್ದಾಪುರದವರಿಗೆ ಹಾಗೆ ಅನ್ನಿಸಲು ಕಾರಣವೂ ಉಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿಯೂ ಪತ್ತೆ ಮಾಡಿದ ಅಶೋಕನ ಶಾಸನಗಳಲ್ಲಿ ಚಕ್ರವರ್ತಿಯ ಆಜ್ಞೆಗಳ ಸಾಲಿನಲ್ಲಿ ತಾಯಿತಂದೆಗಳ ಮಾತಿನಂತೆ ನಡೆಯಬೇಕೆಂಬುದೂ ಒಂದು. ಎರಡು ಸಾವಿರದ ಇನ್ನೂರು ವರ್ಷ ಕಳೆದರೂ ಆ ಬಂಡೆಯ ಮೇಲೆ ತಿದ್ದುಪಡಿಯಾಗಿಲ್ಲ.

ಚಳ್ಳಕೆರೆಯ ಮನೆ ನನ್ನ ಹೆಸರಿಗೇ ಆಗಲೆಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ತಾಯಿಯೂ ತಲೆಯಾಡಿಸಿದಳು. ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದಳು:

"ಆ ಮನೇಲಿ ಹದಿನಾರು ವರ್ಷ ಇದ್ದೆ ಕಣಪ್ಪಾ. ಮನೆಕಂದಾಯದ ರಸೀದೀಲಿ ಒಂದು ಸಲಾನೂ ನನ್ನ ಹೆಸರು ಬರಲಿಲ್ಲ."

ಅಷ್ಟೇ. ಬರೆಸು ಎಂದು ಕೇಳಲಿಲ್ಲ. ತಂದೆಯ ಮನೆ ಅಣ್ಣಂದಿರದು, ಗಂಡನ ಮನೆ ಗಂಡನದು, ಈ ಮನೆ ಮಗನದು. ಎಂಬತ್ತನಾಲ್ಕು ವರ್ಷದಲ್ಲಿ ಒಂದು ಗೋಡೆಯೂ ಆಕೆಯದಾಗಿರಲಿಲ್ಲ.

ಮರುದಿನ ಆಡಿಟರಿಗೆ ಫೋನು ಮಾಡಿ, ತೆರಿಗೆ ಕಟ್ಟುವೆನೆಂದು ತಿಳಿಸಿದೆನು. "54ನೆಯ ಸೆಕ್ಷನ್ನು ಬಿಟ್ಟು 54,000 ಕಟ್ಟುವಿರಾ?" ಎಂದು ಅವರು ನಕ್ಕರು. ಹಣವನ್ನು ಮೊದಲು ಬ್ಯಾಂಕಿನ ಮೂಲಕ ತಾಯಿಗೆ ದಾನವಾಗಿ ಕೊಟ್ಟೆನು. ಮಗನು ತಾಯಿಗೆ ಕೊಟ್ಟ ದಾನ ಆಕೆಯ ಕೈಯಲ್ಲಿ ಆದಾಯವೆನಿಸುವುದಿಲ್ಲ. ಆ ಹಣದಿಂದ ಮನೆಯನ್ನು ಆಕೆಯೇ ಕೊಂಡಳು.

ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ಯಂತ್ರವು ಹೆಬ್ಬೆಟ್ಟಿನ ಗುರುತನ್ನು ತೆಗೆದುಕೊಂಡ ಮೇಲೆ, ಕನ್ನಡಕವನ್ನು ಸರಿಪಡಿಸಿಕೊಂಡು, ಪುಟಪುಟದ ಕೆಳಗೂ ಪೂರ್ತಿ ಹೆಸರನ್ನು ಬರೆದಳು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಆಕೆ ಅವಸರ ಮಾಡಲಿಲ್ಲ. ಮೊದಲನೆಯ ಕಂದಾಯದ ರಸೀದಿ ಬಂದೊಡನೆ ತನ್ನ ಕೈಗೇ ತಂದುಕೊಡತಕ್ಕದ್ದೆಂದು ತಂಗಿಗೆ ಈಗಾಗಲೇ ಅಪ್ಪಣೆಯಾಗಿದೆ.